ಕೆಂಗಣ್ಣು ಗುಣವಾದ ಮೇಲೆ ಕಾಡಿಗೆಗೆ ಅವಸರ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕೆಂಗಣ್ಣು ಹರಡತೊಡಗಿದಾಗ ಕೈ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ, ಕಣ್ಣು ಉಜ್ಜಬೇಡಿ ಎಂಬ ಸೂಚನೆಗಳು ಪತ್ರಿಕೆಗಳಲ್ಲೂ ಆರೋಗ್ಯ ಕೇಂದ್ರಗಳ ಗೋಡೆಗಳಲ್ಲೂ ಕಾಣಸಿಗುತ್ತವೆ. 2023ರ ಮಳೆಗಾಲದಲ್ಲಿ ರಾಜ್ಯದ ಉದ್ದಗಲಕ್ಕೂ ಈ ಬೇನೆ ಹಬ್ಬಿದಾಗಲಂತೂ ಅವು ಶಾಲಾ ಮಕ್ಕಳಿಗೂ ಬಾಯಿಪಾಠವಾಗಿದ್ದವು. ಆದರೆ ಬೇನೆ ಇಳಿದ ಮೇಲೆ ಏನು, ಅದರಲ್ಲೂ ಕಾಡಿಗೆ, ಐಲೈನರ್, ಮಸ್ಕಾರಾಗಳನ್ನು ಮತ್ತೆ ಹಚ್ಚಿಕೊಳ್ಳಲು ಎಷ್ಟು ದಿನ ಕಾಯಬೇಕು, ಹಳೆಯದನ್ನೇ ಬಳಸಬಹುದೇ ಎಂಬುದನ್ನು ಹೇಳುವವರು ಕಡಿಮೆ. ಉಡುಪಿಯಲ್ಲಿ ಕಣ್ಣಿನ ವಿಭಾಗದ ಶುಶ್ರೂಷಕಿಯಾಗಿ ಬಹುಕಾಲ ದುಡಿದು ನಿವೃತ್ತಳಾದ ನನ್ನನ್ನು, ಮದ್ದಿನ ಚೀಟಿ ಹಿಡಿದು ಹೊರಡುವ ಹೆಣ್ಣುಮಕ್ಕಳು ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುತ್ತಿದ್ದ ಪ್ರಶ್ನೆ ಇದೇ: “ಸಿಸ್ಟರೇ, ಕೆಂಪು ಹೋಯ್ತಲ್ಲ, ಇನ್ನು ಕಪ್ಪು ಹಾಕ್ಲಿಕ್ಕೆ ಅಡ್ಡಿ ಇಲ್ವಾ?” ಡಾಕ್ಟರ ಎದುರು ಅಲಂಕಾರದ ಮಾತೆತ್ತಲು ಅವರಿಗೆ ಸಂಕೋಚ. ಆ ಸಂಕೋಚದಿಂದಾಗಿಯೇ ಎಷ್ಟೋ ಮಂದಿ ಅದೇ ತಿಂಗಳಲ್ಲಿ ಮತ್ತೆ ಕೆಂಪು ಕಣ್ಣು ಹೊತ್ತು ಬರುತ್ತಿದ್ದರು ಎಂಬುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಕೆಂಪು ಹೋದದ್ದೊಂದೇ ಕಣ್ಣು ಗುಣವಾದುದರ ಲಕ್ಷಣವಲ್ಲ. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆಯೇ, ಮೂಲೆಯಲ್ಲಿ ಗೀಜು ಕಟ್ಟುತ್ತದೆಯೇ, ಬಿಸಿಲಿಗೆ ಬಂದಾಗ ಕಣ್ಣು ಬಿಡಲಾಗುತ್ತದೆಯೇ, ಮರಳು ಬಿದ್ದಂತೆ ಚುಚ್ಚುವುದು ನಿಂತಿದೆಯೇ, ದೃಷ್ಟಿ ಮೊದಲಿನಷ್ಟೇ ಸ್ಪಷ್ಟವಾಗಿದೆಯೇ ಎಂಬುದೆಲ್ಲವೂ ಲೆಕ್ಕಕ್ಕೆ ಬರಬೇಕು. ಬ್ಯಾಕ್ಟೀರಿಯಾದಿಂದ ಬಂದ ಕೆಂಗಣ್ಣಿಗೆ ಆ್ಯಂಟಿಬಯಾಟಿಕ್ ಹನಿ ಹಾಕತೊಡಗಿದ ಎರಡು ಮೂರು ದಿನಗಳಲ್ಲೇ ಹಾಯೆನಿಸುತ್ತದೆ. ಹಾಯೆನಿಸಿದ ಕೂಡಲೇ ಬಾಟಲಿಯನ್ನು ಬದಿಗಿಟ್ಟು ಕಾಡಿಗೆಯನ್ನು ಕೈಗೆತ್ತಿಕೊಳ್ಳುವವರೇ ಹೆಚ್ಚು. ವೈರಸ್‌ನಿಂದ ಬರುವ ಕೆಂಗಣ್ಣು ಬೇರೆ ಬಗೆಯದು. ಅಡಿನೊವೈರಸ್‌ನಿಂದ ಬಂದದ್ದಾದರೆ ಅದನ್ನು ಕೊಲ್ಲುವ ಹನಿಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಒಂದೆರಡು ವಾರ, ಕೆಲವೊಮ್ಮೆ ಮೂರು ವಾರ ತನ್ನ ಪಾಡಿಗೆ ನಡೆದು ತಾನಾಗಿ ಇಳಿಯುತ್ತದೆ, ಮತ್ತು ಕಣ್ಣಲ್ಲಿ ಕೆಂಪು, ನೀರು ಇರುವಷ್ಟು ದಿನವೂ ಇತರರಿಗೆ ಅಂಟುತ್ತಲೇ ಇರುತ್ತದೆ. ಕೆಲವರಿಗೆ ಹೊರಗಿನ ಕೆಂಪು ಪೂರ್ತಿ ಮಾಯವಾದ ಮೇಲೂ ಕಾರ್ನಿಯಾ ಎಂಬ ಪಾರದರ್ಶಕ ಪಟಲದಲ್ಲಿ ಸಣ್ಣ ಮಚ್ಚೆಗಳು ಉಳಿದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ದೀಪದ ಸುತ್ತ ಪ್ರಭೆ ಕಾಣುವುದೂ ಮಸುಕಾಗುವುದೂ ಉಂಟು. ಹಾಗೆ ಮಸುಕು ಉಳಿದವರು ಮೊದಲು ಹೋಗಬೇಕಾದದ್ದು ಕನ್ನಡಿಯ ಮುಂದಕ್ಕಲ್ಲ, ಕಣ್ಣಿನ ವೈದ್ಯರ ಮುಂದಕ್ಕೆ.

ಆದ್ದರಿಂದ ಇಂತಿಷ್ಟೇ ದಿನ ಎಂದು ಎಲ್ಲರಿಗೂ ಒಂದೇ ಲೆಕ್ಕ ಕೊಡಲಾಗುವುದಿಲ್ಲ. ಲಕ್ಷಣಗಳೆಲ್ಲ ಹೋಗಿರಬೇಕು, ವೈದ್ಯರು ಬರೆದುಕೊಟ್ಟ ಹನಿ ಅಥವಾ ಮುಲಾಮನ್ನು ಹೇಳಿದಷ್ಟು ದಿನ ಪೂರ್ತಿ ಹಾಕಿ ಮುಗಿಸಿರಬೇಕು, ಆ ಬಳಿಕವೂ ಕೆಲವು ದಿನ ಕಣ್ಣನ್ನು ಅದರ ಪಾಡಿಗೆ ಬಿಡಬೇಕು. ನನ್ನನ್ನು ಕೇಳಿದರೆ ಇನ್ನೊಂದು ವಾರ ಎನ್ನುತ್ತೇನೆ. ಮದುವೆ, ನಿಶ್ಚಿತಾರ್ಥಗಳ ದಿನ ಹತ್ತಿರವಿದ್ದವರು ಇದಕ್ಕೆ ಮುಖ ಸಿಂಡರಿಸುವುದನ್ನೂ ಕಂಡಿದ್ದೇನೆ. ರೆಪ್ಪೆಯಂಚಿನಲ್ಲಿ ಕುರು ಎದ್ದವರು ಅದು ಒಡೆದು ಅಥವಾ ಕರಗಿ, ಗಂಟು ಮುಟ್ಟಿದರೂ ಸಿಗದಂತಾಗುವವರೆಗೆ ಕಾಯುವುದು ಒಳ್ಳೆಯದು. ಕುರುವನ್ನು ಮರೆಮಾಚಲೆಂದು ಅದರ ಮೇಲೆಯೇ ದಪ್ಪಗೆ ಐಲೈನರ್ ಎಳೆಯುವ ಅಭ್ಯಾಸ ಕಾಲೇಜು ಹುಡುಗಿಯರಲ್ಲಿ ಇದೆ. ಅದರಿಂದ ಮುಚ್ಚಿಹೋದ ಗ್ರಂಥಿಯ ಬಾಯಿ ಇನ್ನಷ್ಟು ಮುಚ್ಚುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ವೈದ್ಯರು ಸರಿ ಎಂದ ಮೇಲೆ ಮೊದಲು ಹೊಸ ಲೆನ್ಸ್, ಹೊಸ ಡಬ್ಬಿ. ಅದು ಹೊಂದಿಕೊಂಡ ಬಳಿಕವೇ ಅಲಂಕಾರ.

ಇನ್ನು ಹಳೆಯ ಸಾಮಾನುಗಳ ವಿಚಾರ. ಜನರು ಹೆಚ್ಚು ವಾದಿಸುವುದು ಇಲ್ಲಿಯೇ, ಏಕೆಂದರೆ ಇದು ಹಣದ ಮಾತು. ಬೇನೆ ಬಂದಾಗ ಬಳಸುತ್ತಿದ್ದ ಕಣ್ಣಿನ ಅಲಂಕಾರದ ವಸ್ತುಗಳನ್ನೆಲ್ಲ ಎಸೆಯಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಅಲ್ಲಿನ ನೇತ್ರತಜ್ಞರ ಅಕಾಡೆಮಿಯೂ ಹೇಳುತ್ತವೆ. ನಮ್ಮ ಕಣ್ಣಿನ ವೈದ್ಯರು ಹೇಳುವುದೂ ಅದನ್ನೇ. “ಕಣ್ಣು ಕೆಂಪಾದ ದಿನದಿಂದ ನಾನು ಅದನ್ನು ಮುಟ್ಟಿಯೇ ಇಲ್ಲ, ಹಾಗಾದರೆ ಏಕೆ ಬಿಸಾಡಬೇಕು?” ಎಂದು ಕೇಳುವವರಿದ್ದಾರೆ. ಅಡಿನೊವೈರಸ್ ಕಣ್ಣಿಗೆ ತಗಲಿದ ದಿನಕ್ಕೂ ಕೆಂಪು ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಐದರಿಂದ ಹನ್ನೆರಡು ದಿನಗಳ ಅಂತರವಿರುತ್ತದೆ. ಆ ಅವಧಿಯ ಕೊನೆಯ ದಿನಗಳಲ್ಲಿ ಕಣ್ಣು ನೋಡಲು ಸರಿಯಿದ್ದರೂ ವೈರಸ್ ಒಳಗೆ ಬೆಳೆಯುತ್ತಿರುತ್ತದೆ, ದಿನವೂ ಹಚ್ಚಿಕೊಂಡ ಕಡ್ಡಿ ಆ ಕಣ್ಣೀರಿನಲ್ಲಿ ಅದ್ದಿಯೇ ಬಂದಿರುತ್ತದೆ. ಈ ವೈರಸ್ ಒಣ ಮೇಲ್ಮೈಯ ಮೇಲೂ ವಾರಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲುದು. ಅದರ ಹೊರಮೈಯಲ್ಲಿ ಕೊಬ್ಬಿನ ಪೊರೆ ಇಲ್ಲದಿರುವುದರಿಂದ, ಕೊರೊನಾ ಕಾಲದಲ್ಲಿ ನಾವೆಲ್ಲ ನೆಚ್ಚಿಕೊಂಡ ಸ್ಯಾನಿಟೈಸರ್ ಕೊರೊನಾ ವೈರಸ್ಸಿನ ಮೇಲೆ ಕೆಲಸ ಮಾಡಿದಷ್ಟು ಇದರ ಮೇಲೆ ಮಾಡುವುದಿಲ್ಲ. ಕಾಡಿಗೆ ಕಡ್ಡಿಯ ತುದಿಗೆ ಎರಡು ಹನಿ ಸ್ಯಾನಿಟೈಸರ್ ಹಾಕಿ ಒರೆಸಿದರೆ ಸಾಕೆಂದು ತಿಳಿದವರು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಮೊದಲು ಕಸಕ್ಕೆ ಹೋಗಬೇಕಾದದ್ದು ಮಸ್ಕಾರಾ. ಕೊಳವೆಯೊಳಗೆ ಬ್ರಷ್ಷನ್ನು ಮೇಲೆ ಕೆಳಗೆ ಆಡಿಸುವ ಪ್ರತಿ ಸಲವೂ ರೆಪ್ಪೆಗೂದಲಿನ ಕೊಳೆಯನ್ನೂ ಹೊರಗಿನ ಗಾಳಿಯನ್ನೂ ಒಳಗೆ ತುಂಬುತ್ತೇವೆ. ಒಳಗೆ ತೇವ, ಕತ್ತಲು, ಬೆಚ್ಚಗೆ. ಬಣ್ಣದೊಳಗೆ ಹಾಕಿರುವ ಸಂರಕ್ಷಕ ದ್ರವ್ಯ ಒಂದಷ್ಟು ಕಾಲ ಹೋರಾಡಿ ಸೋಲುತ್ತದೆ. ಕೆಟ್ಟ ಮಸ್ಕಾರಾದ ಬ್ರಷ್ ತಗಲಿ ಕಾರ್ನಿಯಾ ಗೀರಿದಾಗ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು ಹುಣ್ಣು ಮಾಡಿದ ಪ್ರಕರಣಗಳನ್ನು ಅಮೆರಿಕದ ನೇತ್ರವೈದ್ಯರು 1977ರಲ್ಲಿಯೇ ವರದಿ ಮಾಡಿದ್ದರು. ಈ ಬ್ಯಾಕ್ಟೀರಿಯಾದ ಹುಣ್ಣು ದಿನಗಳಲ್ಲಲ್ಲ, ಗಂಟೆಗಳಲ್ಲಿ ಹಬ್ಬುವಂಥದ್ದು, ಗುಣವಾದ ಮೇಲೂ ಬಿಳಿ ಕಲೆ ಉಳಿಸುವಂಥದ್ದು. ಬೇನೆ ಬಾರದಿದ್ದರೂ ತೆರೆದ ಮೂರು ತಿಂಗಳಿಗೆ ಮಸ್ಕಾರಾ ಬದಲಿಸಬೇಕೆನ್ನುವುದು ಈ ಕಾರಣಕ್ಕೆ. ಒಣಗಿತೆಂದು ಅದಕ್ಕೆ ನೀರನ್ನೋ ಎಂಜಲನ್ನೋ ಸೇರಿಸುವುದು, ಹೇಳಲು ಬೇಸರವಾದರೂ, ಇಂದಿಗೂ ನಡೆಯುತ್ತಿದೆ. ದ್ರವರೂಪದ ಐಲೈನರ್, ಒಳರೆಪ್ಪೆಗೆ ತಾಗಿದ ಕಾಡಿಗೆ, ಕೃತಕ ರೆಪ್ಪೆಗೂದಲು ಮತ್ತು ಅದರ ಅಂಟು, ಸ್ಪಂಜುಗಳು ಇವೆಲ್ಲವೂ ಅದೇ ದಾರಿ ಹಿಡಿಯಬೇಕು. ಪೆನ್ಸಿಲನ್ನು ಚೂಪು ಮಾಡಿದರೆ ಹೊಸ ಪದರ ಬರುತ್ತದಲ್ಲ ಎಂದರೆ, ನಿತ್ಯದ ಬಳಕೆಗೆ ಆ ಮಾತು ಸರಿ, ಬೇನೆಯ ಬಳಿಕ ಸರಿಯಲ್ಲ. ಮುಚ್ಚಳದ ಒಳಗೂ ಶಾರ್ಪನರ್ ಬ್ಲೇಡಿಗೂ ಹತ್ತಿದ್ದು ಎಲ್ಲಿಗೆ ಹೋಯಿತು? ಒಳ್ಳೆಯ ಕೂದಲಿನ ಬ್ರಷ್‌ಗಳನ್ನು ಮಾತ್ರ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ಉಳಿಸಿಕೊಳ್ಳಬಹುದು, ಆದರೆ ನಮ್ಮ ಮಳೆಗಾಲದಲ್ಲಿ ಅವು ಬುಡದವರೆಗೆ ಒಣಗುವುದೇ ಇಲ್ಲ ಎಂಬ ಕಷ್ಟವಿದೆ. ಫ್ಯಾನಿನ ಗಾಳಿಗೆ ಇಟ್ಟು, ಬುಡವನ್ನು ಮುಟ್ಟಿ ನೋಡಿಯೇ ಬಳಸಬೇಕು.

ಕರಾವಳಿಯ ಹವೆಯ ಬಗ್ಗೆ ಇನ್ನೊಂದು ಮಾತು. ಅಲಂಕಾರದ ವಸ್ತುಗಳನ್ನು 85 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಸೆಕೆಯಲ್ಲಿ ಇಡಬಾರದು, ಇಟ್ಟರೆ ಸಂರಕ್ಷಕ ದ್ರವ್ಯ ಬೇಗ ಕೆಡುತ್ತದೆ ಎನ್ನುವುದು ಅಮೆರಿಕದ ಅದೇ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಮಂಗಳೂರು, ಉಡುಪಿಗಳಲ್ಲಿ ಮಧ್ಯಾಹ್ನದ ಸೆಕೆ 29ರ ಕೆಳಗಿಳಿಯುವುದು ಜಡಿಮಳೆಯ ದಿನಗಳಲ್ಲಿ ಮಾತ್ರ. ಅಂದಮೇಲೆ ಡಬ್ಬಿಯ ಮೇಲೆ ತೆರೆದ ಮುಚ್ಚಳದ ಚಿತ್ರದೊಂದಿಗೆ ಅಚ್ಚಾಗಿರುವ ಆರು ತಿಂಗಳು, ಹನ್ನೆರಡು ತಿಂಗಳು ಎಂಬ ಅವಧಿಯನ್ನು ನಮ್ಮ ಊರಿನಲ್ಲಿ ಹಾಗೆಯೇ ನಂಬುವುದು ಕಷ್ಟ. ಸ್ಕೂಟರ್ ಸೀಟಿನ ಅಡಿಯಲ್ಲಿ ದಿನವಿಡೀ ಬೇಯುವ ಅಲಂಕಾರದ ಚೀಲವನ್ನಂತೂ ಕೇಳುವುದೇ ಬೇಡ. ಕೊಂಡ ಹೊಸ ಕಾಡಿಗೆಯ ಮುಚ್ಚಳದ ಮೇಲೆ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಡುವುದು ಒಳ್ಳೆಯ ರೂಢಿ.

ಹೊಸದನ್ನು ತಂದ ಮೇಲೂ ಎಲ್ಲವನ್ನೂ ಒಂದೇ ದಿನ ಹಚ್ಚಿಕೊಳ್ಳಬೇಡಿ. ನಮ್ಮ ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30ರಷ್ಟು ಸಣ್ಣ ಎಣ್ಣೆಗ್ರಂಥಿಗಳಿದ್ದು, ಅವುಗಳ ಬಾಯಿ ತೆರೆಯುವುದು ರೆಪ್ಪೆಗೂದಲಿನ ಒಳಬದಿಯ ಅಂಚಿನಲ್ಲಿ, ಅಂದರೆ ನಾವು ಸರಿಯಾಗಿ ಕಾಡಿಗೆ ತೀಡುವ ಜಾಗದಲ್ಲಿ. ಅವು ಒಸರುವ ತೆಳುವಾದ ಎಣ್ಣೆ ಕಣ್ಣೀರು ಬೇಗನೆ ಆರದಂತೆ ಕಾಯುತ್ತದೆ. ಬೇನೆಯಿಂದ ಎದ್ದ ಕಣ್ಣಿನಲ್ಲಿ ಈ ವ್ಯವಸ್ಥೆ ಇನ್ನೂ ಸುಧಾರಿಸಿಕೊಳ್ಳುತ್ತಿರುವಾಗ ಅದರ ಬಾಯಿಗೆ ಮೇಣ ಮತ್ತು ಮಸಿ ಮೆತ್ತಿದರೆ ಉರಿ, ಒಣಗುವಿಕೆ, ಮತ್ತೆ ಕುರು. ರೆಪ್ಪೆಗೂದಲಿನ ಹೊರಗೆ ಎಳೆದ ಗೆರೆಗಿಂತ ಒಳಗೆ ಎಳೆದದ್ದು ಹೆಚ್ಚು ಬೇಗ, ಹೆಚ್ಚು ಪ್ರಮಾಣದಲ್ಲಿ ಕಣ್ಣೀರಿಗೆ ಸೇರುತ್ತದೆ ಎಂಬುದನ್ನು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದ್ದರಿಂದ ಮೊದಲ ಕೆಲವು ದಿನ ಮೇಲ್ರೆಪ್ಪೆಯ ಹೊರಗೆ ಒಂದು ತೆಳುವಾದ ಗೆರೆ ಸಾಕು, ಅದೂ ಕೆಲವು ಗಂಟೆಗಳ ಮಟ್ಟಿಗೆ. ತುರಿಕೆ, ನೀರು ಏನೂ ಇಲ್ಲದಿದ್ದರೆ ಕೆಲವು ದಿನ ಬಿಟ್ಟು ಇನ್ನೊಂದು ವಸ್ತು. ಹೀಗೆ ಒಂದೊಂದಾಗಿ ಸೇರಿಸಿದರೆ ಕಣ್ಣಿಗೆ ಯಾವುದು ಹಿಡಿಸಲಿಲ್ಲ ಎಂಬುದಾದರೂ ಗೊತ್ತಾಗುತ್ತದೆ. ಮಿನುಗುವ ಪುಡಿಯ ಐಶ್ಯಾಡೋ ಕೊನೆಗೆ. ಒಳರೆಪ್ಪೆಯ ಕಾಡಿಗೆಯನ್ನು ಪೂರ್ತಿ ಬಿಟ್ಟುಬಿಡಿ ಎಂದು ಹೇಳುವ ಆಸೆ ನನಗಿದ್ದರೂ, ಕರಾವಳಿಯ ಹೆಣ್ಣುಮಕ್ಕಳಿಗೆ ಅದನ್ನು ಹೇಳಿ ಗೆದ್ದವರನ್ನು ನಾನು ಕಂಡಿಲ್ಲ.

ರಾತ್ರಿ ಒರೆಸಿ ತೆಗೆಯುವಾಗ ನಮ್ಮಲ್ಲಿ ಹೆಚ್ಚಿನವರು ಬಳಸುವುದು ತೆಂಗಿನೆಣ್ಣೆ. ಎಣ್ಣೆಯಲ್ಲಿ ದೋಷವಿಲ್ಲ, ಆದರೆ ಮನೆಮಂದಿಯೆಲ್ಲ ಬೆರಳು ಅದ್ದುವ ಬಟ್ಟಲಿನ ಎಣ್ಣೆ ಬೇನೆ ಹೋದ ಕಣ್ಣಿಗೆ ಆಗದು. ಬಾಟಲಿಯಿಂದ ನೇರವಾಗಿ ಹೊಸ ಹತ್ತಿಗೆ ಸುರಿದು, ಕಣ್ಣು ಮುಚ್ಚಿ, ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಒರೆಸಿ ಆ ಹತ್ತಿಯನ್ನು ಎಸೆಯಬೇಕು. ಇನ್ನೊಂದು ಕಣ್ಣಿಗೆ ಇನ್ನೊಂದು ಹತ್ತಿ. ನಂದಿಬಟ್ಟಲಿನ ರಸ ಹಿಂಡಿದ ಬಟ್ಟೆಯ ಬತ್ತಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆ ಶುದ್ಧವೆಂಬ ನಂಬಿಕೆಯವರಿಗೆ ಇಷ್ಟೇ ಹೇಳಬಹುದು: ಮಸಿ ಹಿಡಿದ ದಿನ ಅದು ಶುದ್ಧವಾಗಿಯೇ ಇದ್ದೀತು, ಆದರೆ ಅದರಲ್ಲಿ ಸಂರಕ್ಷಕವಿಲ್ಲ, ತುಪ್ಪವಿದೆ, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಬೆರಳೂ ಅದೇ ಕರಂಡಕದಲ್ಲಿ ಓಡಾಡುತ್ತದೆ. ಮನೆಯಲ್ಲಿ ಒಬ್ಬರಿಗೆ ಕೆಂಗಣ್ಣು ಬಂದರೆ ಆ ಕರಂಡಕವನ್ನು ಖಾಲಿ ಮಾಡಿ ತೊಳೆಯದೆ ಬೇರೆ ದಾರಿಯಿಲ್ಲ. ಹಸುಗೂಸುಗಳ ಕಣ್ಣಿಗಂತೂ ಬೇನೆ ಇರಲಿ ಇಲ್ಲದಿರಲಿ ಕಾಡಿಗೆ ಸಲ್ಲದು.

ಮನೆಯೊಳಗೆ ಇಷ್ಟೆಲ್ಲ ಎಚ್ಚರ ವಹಿಸಿದರೂ ಮನೆಯ ಹೊರಗೆ ಅದು ನೀರಿನಲ್ಲಿ ಹೋಮವಾಗುವ ಜಾಗಗಳಿವೆ. ತುಳುವರ ಆಟಿ ತಿಂಗಳು ಕಳೆದು ಕೃಷ್ಣಾಷ್ಟಮಿ ಬಂತೆಂದರೆ ಊರೂರುಗಳಲ್ಲಿ ಮುದ್ದುಕೃಷ್ಣ ಸ್ಪರ್ಧೆ. ಆ ಬಳಿಕ ನವರಾತ್ರಿ, ಹುಲಿವೇಷ. ದಶಂಬರದಿಂದ ಶಾಲಾ ವಾರ್ಷಿಕೋತ್ಸವಗಳು. ವೇದಿಕೆಯ ಹಿಂದಿನ ಕೋಣೆಯಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಟೀಚರ್ ಎಡಗೈಯಲ್ಲಿ ಮಗುವಿನ ಗಲ್ಲ ಹಿಡಿದು ಬಲಗೈಯಲ್ಲಿ ಒಂದೇ ಕಾಡಿಗೆ ಕಡ್ಡಿಯಿಂದ ಒಂದರ ಹಿಂದೆ ಒಂದು ಕಣ್ಣು ತೀಡುತ್ತ ಹೋಗುತ್ತಾರೆ, ಹರಡಿದ್ದನ್ನು ಅದೇ ಕರವಸ್ತ್ರದ ತುದಿಯಿಂದ ಒರೆಸುತ್ತಾರೆ. ಸಾಲಿನಲ್ಲಿ ಒಂದು ಮಗುವಿಗೆ ಹಿಂದಿನ ವಾರ ಕೆಂಗಣ್ಣು ಇದ್ದಿದ್ದರೆ ಅದರ ಹಿಂದೆ ನಿಂತವರ ಗತಿಯೇನು? ಆ ಟೀಚರರನ್ನು ದೂರುತ್ತಿಲ್ಲ, ಅಷ್ಟು ಮಕ್ಕಳನ್ನು ಅರ್ಧ ಗಂಟೆಯಲ್ಲಿ ಸಿದ್ಧಪಡಿಸಬೇಕಾದವರಿಗೆ ಬೇರೆ ಉಪಾಯವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಉಪಾಯ ಸುಲಭದ್ದೇ ಇದೆ. ಪ್ರತಿ ಮಗುವೂ ತನ್ನ ಕಾಡಿಗೆಯನ್ನು ಹೆಸರು ಬರೆದ ಚೀಟಿ ಅಂಟಿಸಿ ಮನೆಯಿಂದಲೇ ತರಲಿ. ಅದು ಆಗದಿದ್ದರೆ ಕಡ್ಡಿಯಿಂದ ಸ್ವಲ್ಪ ಬಣ್ಣವನ್ನು ಶುದ್ಧವಾದ ತಟ್ಟೆಗೆ ಕೆರೆದಿಟ್ಟುಕೊಂಡು, ಪ್ರತಿ ಮಗುವಿಗೂ ಹತ್ತಿ ಸುತ್ತಿದ ಹೊಸ ಕಡ್ಡಿಯನ್ನೇ ತೆಗೆದುಕೊಂಡು ರೆಪ್ಪೆಯ ಹೊರಗಷ್ಟೇ ಹಚ್ಚಿ ಆ ಕಡ್ಡಿಯನ್ನು ಎಸೆಯಲಿ. ಒಮ್ಮೆ ಕಣ್ಣಿಗೆ ತಗಲಿದ ಕಡ್ಡಿ ಮತ್ತೆ ತಟ್ಟೆಗೆ ಬರಬಾರದು, ಅಷ್ಟೇ. ಈಚೆಗೆ ಕಣ್ಣು ಬೇನೆಯಿಂದ ಎದ್ದ ಮಗುವಿಗೆ ಕಾಡಿಗೆಯೇ ಬೇಡ. ನಾಮ, ನವಿಲುಗರಿ, ಕೊಳಲು ಇದ್ದರೆ ಕೃಷ್ಣನಾಗಲು ಏನು ಕಡಿಮೆ?

ಬ್ಯೂಟಿ ಪಾರ್ಲರ್‌ಗಳಲ್ಲಿ ಮದುಮಗಳಿಗೆ ಬಳಸಿದ ಮಸ್ಕಾರಾವನ್ನೇ ಅವಳ ತಂಗಿಯರಿಗೂ ಅತ್ತಿಗೆಯರಿಗೂ ಬಳಸುವ ಪದ್ಧತಿ ನಿಲ್ಲಬೇಕು. ಎಸೆಯಬಹುದಾದ ಸಣ್ಣ ಬ್ರಷ್‌ಗಳು ಈಗ ಸಗಟು ದರದಲ್ಲಿ ಸಿಗುತ್ತವೆ. ಗ್ರಾಹಕರೂ ಕುರ್ಚಿಯಲ್ಲಿ ಕುಳಿತಾಗ “ನಿಮ್ಮ ಬ್ರಷ್ ಹೊಸತಾ?” ಎಂದು ನಾಚಿಕೆಯಿಲ್ಲದೆ ಕೇಳಬೇಕು, ಈಚೆಗೆ ಬೇನೆ ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಯಕ್ಷಗಾನದ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಸ್ಥಿತಿ ಇನ್ನೂ ಕಠಿಣ. ತಿರುಗಾಟದ ದಿನಗಳಲ್ಲಿ ರಾತ್ರಿಯಾದರೆ ಬಣ್ಣ ಹಚ್ಚಲೇಬೇಕಾದ ಕಲಾವಿದನಿಗೆ ಒಂದು ವಾರ ಕಣ್ಣಿಗೆ ಬಿಡುವು ಕೊಡಿ ಎಂದು ಹೇಳುವುದು ಸುಲಭವಲ್ಲ, ಅವನ ಅಭಿನಯದ ಅರ್ಧ ಭಾಗ ಆ ಕಣ್ಣಿನಲ್ಲೇ ಇದೆ. ಆದರೂ ಕಣ್ಣಿನ ಸುತ್ತಣ ಕಪ್ಪನ್ನು ಮತ್ತು ಅದನ್ನು ಹಚ್ಚುವ ಕಡ್ಡಿಯನ್ನು ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ಇಟ್ಟುಕೊಳ್ಳುವುದು, ಕೆಂಗಣ್ಣು ಬಂದವರಿಗೆ ಮೇಳದ ಯಜಮಾನರು ಸಂಬಳ ಕಡಿಯದೆ ರಜೆ ಕೊಡುವುದು ಸಾಧ್ಯವಿರುವ ಕೆಲಸಗಳು. ಒಬ್ಬನಿಗೆ ಕೊಡದ ರಜೆಯನ್ನು ಮುಂದಿನ ವಾರ ನಾಲ್ವರಿಗೆ ಕೊಡಬೇಕಾಗಬಹುದು.

ಹೊಸ ಕಾಡಿಗೆ ಕೊಳ್ಳುವವರು ಬೆಲೆಗಿಂತ ಮೊದಲು ಚೀಟಿಯನ್ನು ನೋಡಬೇಕು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಎಷ್ಟರೊಳಗೆ ಬಳಸಬೇಕೆಂಬ ತಿಂಗಳು ವರ್ಷ ಇವು ಅದರ ಮೇಲಿರಬೇಕು. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ. ಸುರ್ಮಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೆಲವು ಪುಡಿಗಳಲ್ಲಿ ಸೀಸದ ಸಲ್ಫೈಡ್ ಇರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಜಾತ್ರೆಯ ಸಾಲಂಗಡಿಗಳಲ್ಲಿ ಚೀಟಿಯೇ ಇಲ್ಲದೆ ಬಿಕರಿಯಾಗುವ ಡಬ್ಬಿಗಳ ಮಾದರಿಗಳನ್ನು ಔಷಧ ನಿಯಂತ್ರಣ ಇಲಾಖೆಯವರು ಆಗಾಗ ಪರೀಕ್ಷೆಗೆ ಒಯ್ಯಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ, ಅಲಂಕಾರಕ್ಕೆ ಮರಳಿದ ಮೇಲೆ ಕಣ್ಣು ಮತ್ತೆ ಕೆಂಪಾದರೆ ಹಿಂದಿನ ಸಲದ ಹನಿಬಾಟಲಿಯನ್ನು ಹುಡುಕಿ ಹಾಕಬೇಡಿ, ಮೆಡಿಕಲ್ ಅಂಗಡಿಯಲ್ಲಿ ಬಾಯಿಮಾತಿಗೆ ಸಿಗುವ ಸ್ಟಿರಾಯ್ಡ್ ಬೆರೆತ ಹನಿಯನ್ನಂತೂ ಹಾಕಲೇಬೇಡಿ. ಅದು ಕೆಂಪನ್ನು ಒಂದೇ ದಿನದಲ್ಲಿ ಇಳಿಸಿ ಮರುಳು ಮಾಡುತ್ತದೆ; ಒಳಗೆ ಹರ್ಪೀಸ್ ವೈರಸ್ಸೋ ಶಿಲೀಂಧ್ರವೋ ಇದ್ದರೆ ಅದಕ್ಕೆ ಹಾಲೆರೆದಂತೆಯೇ. ಹಚ್ಚಿದ್ದನ್ನೆಲ್ಲ ಆ ಕೂಡಲೇ ನಿಲ್ಲಿಸಿ, ಬಳಸಿದ ಡಬ್ಬಿ, ಕಡ್ಡಿಗಳನ್ನು ಎಸೆಯುವ ಮೊದಲು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಣ್ಣಿನ ವೈದ್ಯರ ಬಳಿಗೆ ಕೊಂಡೊಯ್ಯಿರಿ. ಯಾವುದನ್ನು ಎಂದು ತೆರೆದಿರಿ, ಯಾವುದನ್ನು ಯಾವ ದಿನ ಮತ್ತೆ ಹಚ್ಚತೊಡಗಿದಿರಿ ಎಂದು ಹೇಳಲು ಸಾಧ್ಯವಾದರೆ, ಇದು ಹಳೆಯ ಬೇನೆ ಮರುಕಳಿಸಿದ್ದೋ ಹೊಸ ಬಣ್ಣದ ಅಲರ್ಜಿಯೋ ಎಂಬುದನ್ನು ಅವರು ಬೇಗ ಗುರುತಿಸಬಲ್ಲರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ, ಕುಂಜಿಬೆಟ್ಟು, ಉಡುಪಿ